ಪಾಸಾದ ಮಾಲು

ನಮ್ಮಪ್ಪ ಒಣದ್ರಾಕ್ಷಿಯ ದಲಾಲಿ. ನಮ್ಮ ಕಡೆ ಅದಕ್ಕೆ ಮಣೂಕ ಅನ್ನುತ್ತಾರೆ. ಬೆಳಿಗ್ಗೆ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಿಂದ ಗಾಡಿ ಹತ್ತಿ ತಿಕೋಟಾಕ್ಕೆ ಹೋಗುತ್ತಾನೆ. ತೋಟದವರ ಶೆಡ್ಡುಗಳಲ್ಲಿ ಬಾಕ್ಸಿನ ತಳಕ್ಕೆ ಕೈ ಹಾಕಿ ಒಂದೊಂದು ಹಿಡಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಗಾಂಧಿ ಚೌಕದ ಅಂಗಡಿಗಳಿಗೆ ತರುತ್ತಾನೆ. ಅಂಗಡಿಯವರು ಒಂದೆರಡು ಬಾಯಿಗೆ ಹಾಕಿಕೊಳ್ಳುತ್ತಾರೆ, ಒಂದೆರಡನ್ನು ಬೆಳಕಿಗೆ ಹಿಡಿಯುತ್ತಾರೆ, “ಇಟ್ಟ ಹೋಗ್ರಿ” ಅನ್ನುತ್ತಾರೆ. ಆಮೇಲೆ ಒಂದು ಪದ್ಧತಿ ಇದೆ. ಮಾಲು ಬೇಡವಾದರೆ ಸಂಜೆಯೊಳಗೆ ಸ್ಯಾಂಪಲ್ ವಾಪಸ್ ಬರಬೇಕು. ಬರಲಿಲ್ಲ ಅಂದರೆ ಮಾಲು ಪಾಸು. ಯಾರೂ ಫೋನು ಮಾಡಿ ನಿಮ್ಮ ಮಾಲು ಚಲೋ ಅದೆ ಅಂತ ಹೇಳುವುದಿಲ್ಲ. ಸುಮ್ಮನಿದ್ದರೆ ಒಪ್ಪಿದರು ಅಂತಲೇ ಅರ್ಥ. ಅಪ್ಪ ಇಡೀ ಆಯುಷ್ಯ ಈ ಸುಮ್ಮನಿರುವುದನ್ನು ನಂಬಿ ವ್ಯಾಪಾರ ಮಾಡಿದವನು. ನನ್ನ ದೊಡ್ಡ ಕರುಳು ಹಾಳಾಗುವುದರಲ್ಲಿ ಈ ಪದ್ಧತಿಯ ಪಾಲೂ ಇದೆ ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೂ ಬರೆಯುತ್ತಿದ್ದೇನೆ.

ಕರುಳಿನ ರೋಗ ಮೊದಲು ಇದ್ದದ್ದು ಅಪ್ಪನಿಗೆ. ವರ್ಷಗಟ್ಟಲೆ ಅದನ್ನು ಮೂಲವ್ಯಾಧಿ ಅಂತ ಕರೆದುಕೊಂಡು, ಖಾರ ಬಿಟ್ಟು, ಮಜ್ಜಿಗೆ ಕುಡಿದು, ವ್ಯಾಪಾರದ ಮಾತು ಅರ್ಧಕ್ಕೆ ಬಿಟ್ಟು ದ್ರಾಕ್ಷಿ ಸಾಲುಗಳ ಹಿಂದೆ ಓಡಿ ಓಡಿ ದಿನ ಸಾಗಿಸಿದ. ಕೊನೆಗೆ ಊರಿನ ಹೊಟ್ಟೆ ಡಾಕ್ಟರೊಬ್ಬರು ಕ್ಯಾಮೆರಾ ಹಾಕಿ ನೋಡಿ ಅಲ್ಸರೇಟಿವ್ ಕೊಲೈಟಿಸ್ ಅಂದರು. ಮೈಯನ್ನು ಕಾಯಬೇಕಾದ ಕಣಗಳೇ ದೊಡ್ಡ ಕರುಳಿನ ಮೇಲೆ ತಿರುಗಿ ಬೀಳುತ್ತವೆ, ಒಳಮೈ ಉರಿದು ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಪೂರ್ತಿ ವಾಸಿ ಅಂತಿಲ್ಲ, ಗುಳಿಗೆಯಿಂದ ಹತೋಟಿಯಲ್ಲಿ ಇಡಬಹುದು. ಅಪ್ಪ ಗುಳಿಗೆ ತಪ್ಪಿಸಲಿಲ್ಲ. ಸುಧಾರಿಸಿದ, ಮತ್ತೆ ಮಿರ್ಚಿ ಭಜಿ ತಿನ್ನುವಷ್ಟು ಸುಧಾರಿಸಿದ.

ಅದೇ ಡಾಕ್ಟರ ಆಸ್ಪತ್ರೆಗೆ ಹೊಂದಿಕೊಂಡ ಲ್ಯಾಬಿನಲ್ಲಿ ಒಬ್ಬ ಮೇಡಂ ಇದ್ದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಈ ರೋಗದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಅಪ್ಪನ ರಕ್ತ ತೆಗೆದುಕೊಂಡ ಮೇಲೆ, ಮನೆಯಲ್ಲಿ ಆರೋಗ್ಯವಾಗಿರುವ ಯಾರಾದರೂ ರಕ್ತ ಕೊಡುತ್ತಾರೆಯೇ ಅಂತ ಕೇಳಿದರು. ರೋಗಿಯ ರಕ್ತವನ್ನು ಆರೋಗ್ಯವಂತರ ರಕ್ತದ ಪಕ್ಕಕ್ಕಿಟ್ಟು ನೋಡಬೇಕಂತೆ. ಅಪ್ಪನಿಗೆ ಉತ್ಸಾಹ ಬಂತು. ಮಗಳನ್ನು ಕರೆದುಕೊಂಡು ಹೋದ. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಮನೆಯಲ್ಲಿದ್ದೆ, ಬೇಡ ಅನ್ನಲು ನೆಪವೂ ಇರಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಹೇಳಿದ್ದರು. ಆದರೆ ನಮ್ಮ ಅವ್ವ ಯಾರನ್ನೂ ಹೊಸ್ತಿಲು ದಾಟಿಸುವ ಮುಂಚೆ ಒಂದಿಷ್ಟು ತಿನ್ನಿಸದೆ ಬಿಡುವವಳಲ್ಲ. ಅದರಲ್ಲೂ ರಕ್ತ ಕೊಡಲು ಹೊರಟ ಮಗಳನ್ನು! “ರಕ್ತ ಹೀರ್ಕೊಳ್ಳೋರ ಮುಂದ ಹಸಗೊಂಡ ಹೋಗ್ತಿಯೇನ್ ಬೇ? ಚಕ್ರ ಬಂದ ಬಿದ್ದಿ ಅಂದ್ರ?” ಅಂತ ತುಪ್ಪ ಸುರಿದ ಉಪ್ಪಿಟ್ಟು ತಿನ್ನಿಸಿಯೇ ಕಳಿಸಿದಳು. ಅವತ್ತು ಸಂಜೆಯೇ ಮೇಡಂ ಫೋನು ಬಂತು. ರಕ್ತದ ಮೇಲಿನ ನೀರು ಹಾಲಿನಂತೆ ಬೆಳ್ಳಗಾಗಿದೆ, ಕೊಬ್ಬು ತುಂಬಿದೆ, ನಮಗೆ ಬೇಕಾದದ್ದು ಅದರಲ್ಲಿ ಕಾಣುವುದಿಲ್ಲ, ಇನ್ನೊಮ್ಮೆ ಬನ್ನಿ ಅಂದರು. ಅಪ್ಪನಿಗೆ ಆ ಫೋನಿನಿಂದ ಎಷ್ಟು ಖುಷಿಯಾಯಿತು ಅಂದರೆ ಹೇಳತೀರದು. “ನೋಡಿದ್ಯಾ? ಮಾಲ್ ಕೆಟ್ಟಿತ್ತಂದ್ರ ಸಂಜಿ ಒಳಗ ಹೊಳ್ಳಿ ಕಳಸ್ತಾರ. ಪದ್ಧತಿ ಮಂದಿ ಅದಾರ” ಅಂದ.

ಎರಡನೇ ಸಲ ಅವ್ವನ ಕಣ್ಣು ತಪ್ಪಿಸಿ ಉಪವಾಸವೇ ಹೋದೆ. ಮೇಡಂ ರಕ್ತ ತೆಗೆದು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು, ಅಲ್ಲಾಡಿಸಬೇಡಿ ಅಂತ ಪಕ್ಕದವರಿಗೆ ಹೇಳಿದರು. ಇಷ್ಟು ಜೋಪಾನ ಯಾಕೆ ಅಂತ ಕೇಳಿದೆ. ಅವರು ಕೂತು ಹೇಳಿದರು. ನಮ್ಮ ಮೈಯ ಪ್ರತಿಯೊಂದು ಜೀವಕೋಶವೂ ತನ್ನ ಸಿಪ್ಪೆಯನ್ನೇ ಸುತ್ತಿ ಪುಟ್ಟ ಪುಟ್ಟ ಚೀಲಗಳನ್ನು ಹೊರಗೆ ಬಿಡುತ್ತಿರುತ್ತದಂತೆ. ವೆಸಿಕಲ್ ಅಂತ ಅದರ ಹೆಸರು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು, ಕೊಳವೆ ಅಲ್ಲಾಡಿದರೆ ರಕ್ತದ ಕಣಗಳು ಇನ್ನಷ್ಟು ಚೀಲ ಬಿಟ್ಟು ಲೆಕ್ಕ ಕೆಡುತ್ತದಂತೆ. ಒಳಗೆ ಆ ಕೋಶದ ಸಮಾಚಾರ ತುಂಬಿರುತ್ತದೆ. ಒಂದು ಕೋಶ ಬಿಟ್ಟದ್ದನ್ನು ಇನ್ನೊಂದು ಕೋಶ ಒಳಗೆ ತೆಗೆದುಕೊಂಡು ಅದರಂತೆ ನಡೆಯುತ್ತದೆ. ಕರುಳು ಉರಿಯುತ್ತಿರುವವರಲ್ಲಿ ಈ ಚೀಲಗಳು ಉರಿಯ ಸುದ್ದಿಯನ್ನೇ ಹೊತ್ತು, ಸುಮ್ಮನಿದ್ದ ಕೋಶಗಳನ್ನೂ ಎಬ್ಬಿಸುತ್ತವಂತೆ. ಕರುಳಿನ ಗೋಡೆಯನ್ನೇ ಸಡಿಲ ಮಾಡುತ್ತವಂತೆ. ಹೊಟ್ಟೆಯ ಬ್ಯಾಕ್ಟೀರಿಯಾಗಳೂ ತಮ್ಮ ಪಾಲಿನ ಚೀಲ ಬಿಡುತ್ತವೆ. ಜಗಳ ಹಚ್ಚುವವು ಇರುವ ಹಾಗೆ ಸಮಾಧಾನ ಮಾಡುವವೂ ಇವೆ. ಅವನ್ನು ಓದಲು ಕಲಿತರೆ ಮುಂದೆ ಯಾವತ್ತಾದರೂ ಕ್ಯಾಮೆರಾ ಹಾಕುವ ಕಷ್ಟ ಕಡಿಮೆಯಾದೀತು ಅಂದರು.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ. “ಅಂದ್ರ ಮೇಡಂ, ಕರುಳಿನ ಸ್ಯಾಂಪಲ್ ರಕ್ತದಾಗ ಬರತೈತಿ ಅನ್ರಿ.”

“ಒಂದು ರೀತಿ ಹಾಗೇ ಸರ್” ಅಂದರು ಅವರು ನಗುತ್ತಾ.

ಆ “ಒಂದು ರೀತಿ” ಅಪ್ಪನ ಕಿವಿಗೆ ಬೀಳಲೇ ಇಲ್ಲ. ಇದು ಬರೀ ಸಂಶೋಧನೆ, ಒಬ್ಬೊಬ್ಬರಿಗೆ ಫಲಿತಾಂಶ ಅಂತ ಏನೂ ತಿಳಿಸುವುದಿಲ್ಲ ಅಂತ ಕೂಡ ಮೇಡಂ ಸ್ಪಷ್ಟವಾಗಿ ಹೇಳಿದರು. ಅಪ್ಪ ಭಾರೀ ಗಾಂಭೀರ್ಯದಿಂದ ತಲೆಯಾಡಿಸಿದ. ಗಾಂಧಿ ಚೌಕದ ಅಂಗಡಿಯವರೂ ಮೊದಲು ಹಾಗೇ ಅನ್ನುತ್ತಾರಲ್ಲ, ನಾವೇನೂ ಹೇಳೋದಿಲ್ಲ, ಇಟ್ಟು ಹೋಗಿ ಅಂತ. ಇನ್ನೊಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆಯ ತೊಂದರೆ ಏನಾದರೂ ಇದೆಯೇ ಅಂತ ಮೇಡಂ ನನ್ನನ್ನು ಕೇಳಿದರು. ಆಗಲೇ ನನಗೆ ಒಮ್ಮೊಮ್ಮೆ ಹೊಟ್ಟೆ ನುಲಿಯುತ್ತಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಮುಂದೆ ಬಿದ್ದ. “ಆಕಿಗೇನ್ ಆಗೇತ್ರಿ? ಕಲ್ಲ ತಿಂದ ಕರಗಸ್ತಾಳ!” ಮೇಡಂ ನಕ್ಕು ಬರೆದುಕೊಂಡರು. ಅವತ್ತು ಸಂಜೆ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಅಪ್ಪನ ಲೆಕ್ಕದಲ್ಲಿ ನಾನು ಪಾಸು.

ಬಬಲೇಶ್ವರದ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಆ ವರ್ಷವೇ ಹೊಟ್ಟೆ ಕೈಕೊಟ್ಟಿತು. ಮೊದಲು ಬೆಳಿಗ್ಗೆ ಎರಡು ಸಲ ಹೆಚ್ಚಿಗೆ ಪಾಯಖಾನೆಗೆ ಹೋಗುವುದು, ಆಮೇಲೆ ಊಟವಾದ ಕೂಡಲೇ, ಆಮೇಲೆ ಊಟವನ್ನು ನೆನೆದರೂ. ಈ ರೋಗ ಇಲ್ಲದವರಿಗೆ ಒಂದು ಮಾತು ತಿಳಿಯುವುದಿಲ್ಲ. ಅವಸರ ಅನ್ನುವುದು ಹೊಟ್ಟೆನೋವಿಗಿಂತ ಕೆಟ್ಟದ್ದು. ನೋವನ್ನು ಹಲ್ಲು ಕಚ್ಚಿ ತಡೆಯಬಹುದು, ಇದನ್ನು ತಡೆಯಲಾಗುವುದಿಲ್ಲ. ಬಸ್ಸು ಊರು ದಾಟಿದ ಮೇಲೆ ನನ್ನ ಕಣ್ಣು ರಸ್ತೆಯ ಮೇಲೆ ಇರುತ್ತಿರಲಿಲ್ಲ, ಯಾವ ಪೆಟ್ರೋಲ್ ಬಂಕು, ಯಾವ ಜಾಲಿ ಗಿಡ, ಯಾವ ಮನೆಯ ಹಿತ್ತಲು ಅಂತ ಹುಡುಕುತ್ತಿರುತ್ತಿತ್ತು. ಒಮ್ಮೆ ಕಂಡಕ್ಟರನಿಗೆ ಗಾಡಿ ನಿಲ್ಲಿಸಿ ಅಂದೆ. “ಇಲ್ಲಿ ಸ್ಟಾಪ್ ಎಲ್ಲೈತ್ರಿ ಟೀಚರ್?” ಅಂದ. ಸ್ಟಾಪ್ ನನ್ನ ಹೊಟ್ಟೆಯಲ್ಲಿದೆ ಅಂತ ಅವನಿಗೆ ಹೇಗೆ ಹೇಳಲಿ? ವಾಂತಿ ಬರುತ್ತಿದೆ ಅಂತ ಸುಳ್ಳು ಹೇಳಿ ಇಳಿದೆ. ನೋಡಿ, ವಾಂತಿ ಅಂದರೆ ನಾಲ್ಕು ಮಂದಿ ನಿಂಬೆಹಣ್ಣು ಚಾಚುತ್ತಾರೆ. ಇದಕ್ಕೆ ಮಾತ್ರ ಬಾಯಿ ಬಿಡುವಂತಿಲ್ಲ.

ಶಾಲೆಯಲ್ಲಿ ಟೀಚರುಗಳ ಪಾಯಖಾನೆಗೆ ಬೀಗ. ಮಕ್ಕಳು ಹೊಲಸು ಮಾಡುತ್ತಾರೆ ಅಂತ ಬೀಗದ ಕೈ ಹೆಡ್‌ಮಾಸ್ತರರ ಟೇಬಲ್ಲಿನ ಮೇಲೆ. ಹೋಗುವಾಗೊಮ್ಮೆ ಅವರ ಮುಖ ನೋಡಬೇಕು, ಬರುವಾಗೊಮ್ಮೆ ನೋಡಬೇಕು. ಪಾಠದ ನಡುವೆ ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ ಓಡುತ್ತಿದ್ದೆ. ನನ್ನ ಕ್ಲಾಸಿನ ಮಕ್ಕಳಷ್ಟು ಮಗ್ಗಿ ಪಕ್ಕಾ ಇದ್ದ ಮಕ್ಕಳು ಆ ತಾಲೂಕಿನಲ್ಲೇ ಇರಲಿಕ್ಕಿಲ್ಲ.

ಒಂದು ದಿನ ರಕ್ತ ಕಂಡಿತು. ನನಗೆ ಅದು ಏನೆಂದು ಗೊತ್ತಿತ್ತು, ಅಪ್ಪನ ಮನೆಯಲ್ಲಿ ಬೆಳೆದವಳು ನಾನು. ಅವ್ವನಿಗೆ ಹೇಳಿದರೆ ಉಷ್ಣ ಅಂದಳು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಳು, ಹೊರಗೆ ಬಾಯಿ ಬಿಡಬೇಡ ಅಂತಲೂ ಸೇರಿಸಿದಳು. ಅಪ್ಪನಿಗೆ ನಾನೇ ಹೇಳಿದೆ. ಈ ರೋಗದ ಬಗ್ಗೆ ನಾಚಿಕೆಯಿಲ್ಲದೆ ಹೇಳಬಹುದಾದ ಒಬ್ಬನೇ ಮನುಷ್ಯ ಅವನು, ಅವನಿಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ.

“ಅಪ್ಪಾ, ನಿಂಗ ಆಗಿದ್ದ ನಂಗೂ ಆಗೇತಿ ಅನಸ್ತೈತಿ. ರಕ್ತ ಹೊಂಟೈತಿ.”

ಅಪ್ಪ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ. “ಹುಚ್ಚಿ, ನಿಂದ ಸ್ಯಾಂಪಲ್ ಹೋಗೇತಲ್ಲ ಲ್ಯಾಬಿಗೆ? ಕರುಳಿನ ಸಮಾಚಾರ ಎಲ್ಲಾ ಅದರಾಗ ಬರತೈತಿ ಅಂತ ಮೇಡಂ ಹೇಳ್ಯಾರ. ಕೆಟ್ಟಿದ್ರ ಹೊಳ್ಳಿ ಕಳಸ್ತಿದ್ರ. ಮೊದಲನೇದ್ದ ಕಳಸಲಿಲ್ಲೇನ? ಎರಡನೇದ್ದ ಪಾಸ್ ಆಗೇತಿ.”

“ಪಾಸ್ ಆಗಾಕ ನಾ ಏನ್ ಮಣೂಕ ಏನಪಾ?”

“ಖಾರ ಕಡಿಮಿ ತಿನ್ನ” ಅಂದ, ಚಪ್ಪಲಿ ಮೆಟ್ಟಿ ತಿಕೋಟಾಕ್ಕೆ ಹೊರಟ.

ನನ್ನ ಪಿತ್ತ ನೆತ್ತಿಗೇರಿತು. ಹಾಗಾದರೆ ಹೋಗಿ ಮೇಡಂ ಅವರನ್ನೇ ಕೇಳು ಅಂತ ದಿನಾ ದುಂಬಾಲು ಬಿದ್ದೆ. ಅದಕ್ಕೂ ಅವನ ಹತ್ತಿರ ಉತ್ತರ ತಯಾರಿತ್ತು. “ಸುಮ್ಮ ಕುಂತ ಅಂಗಡಿಗೆ ಹೋಗಿ ಮಾಲ್ ಹೆಂಗೈತ್ರಿ ಅಂತ ಕೇಳಬಾರದ. ಕೇಳಿದ್ರ ನಮ್ಮ ಮಾಲಿನ ಮ್ಯಾಲ ನಮಗ ಭರೋಸಾ ಇಲ್ಲ ಅಂದಂಗ ಆಕೈತಿ.” ಈ ಮಾತು ಕೇಳಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎದುರಿಗೆ ಕೂತ ಮಗಳು ಬಾಯಿಬಿಟ್ಟು ಹೇಳುತ್ತಿದ್ದಾಳೆ, ಅದು ಸುಳ್ಳು. ಎಲ್ಲೋ ಫ್ರೀಜಿನಲ್ಲಿ ಕೂತು ಏನೂ ಹೇಳದೇ ಇರುವ ಕೊಳವೆ, ಅದು ನಿಜ! ಪೇಟೆಯ ಒಬ್ಬ ಡಾಕ್ಟರು ಮೂಲವ್ಯಾಧಿಗೆ ಮುಲಾಮು ಕೊಟ್ಟರು. ಅಪ್ಪ ಅದನ್ನೂ ತನ್ನ ಕಡೆಯ ಸಾಕ್ಷಿ ಮಾಡಿಕೊಂಡ. ತನಗೆ ವರ್ಷಗಟ್ಟಲೆ ಅದೇ ಮುಲಾಮು ಹಚ್ಚಿದ್ದರು ಅನ್ನುವುದು ಆ ಮನುಷ್ಯನಿಗೆ ಮರೆತೇ ಹೋಗಿತ್ತೋ, ನೆನೆಯಲು ಮನಸ್ಸಿರಲಿಲ್ಲವೋ. ಹೊಟ್ಟೆ ಡಾಕ್ಟರ ಹತ್ತಿರ ನಾನೊಬ್ಬಳೇ ಹೋಗುತ್ತೇನೆ ಅಂದಾಗ ಮಾತ್ರ ಧ್ವನಿ ಏರಿಸಿದ. “ನನ್ನಿಂದ ನಿನಗ ಬಂದೈತಿ ಅಂತ ಊರ ತುಂಬ ಹೇಳ್ಕೋತ ತಿರಗಬ್ಯಾಡ.” ಅವ್ವ ಅವತ್ತು ಅತ್ತಳು. ನಾನು ಹೋಗಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು, ನನ್ನ ಸೀರೆಯ ಕುಪ್ಪಸಗಳೆಲ್ಲ ಸಡಿಲಾದವು.

ಬಬಲೇಶ್ವರದ ಶಾಲೆಯಲ್ಲಿ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಅಲ್ಲೇ ಕುಸಿದೆ. ಸೀರೆಗೆ ರಕ್ತ ಹತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರು ಸುತ್ತ ನಿಂತು ತಮ್ಮ ಓಢಣಿ ಬಿಚ್ಚಿ ಹೊದಿಸಿದರು. ಹೆಡ್‌ಮಾಸ್ತರರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ಹೊರಟರು. ವಿಜಯಪುರ ಬಂದಾಗ “ಮನಿಗೆ ಬಿಡ್ಲೇನ್ರಿ?” ಅಂದರು. ಮನೆ ಬೇಡ, ಆಸ್ಪತ್ರೆಗೆ ಅಂದೆ. ಈ ಮೂರು ಶಬ್ದ ಆಡಲು ನಾನು ಅಷ್ಟು ತಿಂಗಳು ಕಾದಿದ್ದೆ.

ಅಪ್ಪನನ್ನು ನೋಡಿದ್ದ ಡಾಕ್ಟರೇ ನನ್ನನ್ನೂ ನೋಡಿದರು. ಎರಡು ದಿನ ಬಿಟ್ಟು ಕ್ಯಾಮೆರಾ ಹಾಕಿದರು. ಪರದೆಯ ಮೇಲೆ ನನ್ನ ಕರುಳು ಮೊಣಕಾಲು ತರಚಿದ ಹಾಗೆ ಕೆಂಪಗೆ, ಮುಟ್ಟಿದಲ್ಲೆಲ್ಲ ಒಸರುತ್ತಿತ್ತು. ಅಪ್ಪನಿಗೆ ಕೊನೆಯ ಭಾಗದಲ್ಲಷ್ಟೇ ಇದ್ದದ್ದು ನನಗೆ ದೊಡ್ಡ ಕರುಳಿನ ಉದ್ದಕ್ಕೂ ಹಬ್ಬಿತ್ತು. “ಯಾಕಮ್ಮ ಇಷ್ಟ ದಿನಾ ಬಿಟ್ರಿ? ಮನ್ಯಾಗ ಒಬ್ಬರಿಗೆ ಇದ್ದಾಗ ರಕ್ತ ಕಂಡ ಮರುದಿನಾನ ಬರಬೇಕಿತ್ತು” ಅಂದರು ಡಾಕ್ಟರು. ಅವತ್ತು ಬೆಳಿಗ್ಗೆಯೂ ತಿಕೋಟಾಕ್ಕೆ ಹೋಗಿದ್ದ ಅಪ್ಪ ಕ್ಯಾಮೆರಾದ ಹೊತ್ತಿಗೆ ಓಡಿ ಬಂದಿದ್ದ. ಅವನ ಅಂಗಿಯ ಜೇಬಿನಲ್ಲಿ ಇನ್ನೂ ಮಣೂಕದ ಚೀಲ ಇತ್ತು. ಡಾಕ್ಟರ ಮುಂದೆ ಕೈ ಕಟ್ಟಿ ನಿಂತು ಕೇಳಿದ, “ಅಲ್ರೀ ಸಾಹೇಬ್ರ, ಈಕಿದ ಸ್ಯಾಂಪಲ್ ಪಾಸ್ ಆಗಿತ್ತಲ್ರಿ?”

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನಾನು ಮಂಚದ ಮೇಲಿಂದ ಜೋರಾಗಿ ನಕ್ಕುಬಿಟ್ಟೆ. ನಗುತ್ತಾ ಹೊಟ್ಟೆ ನೋವಾಗಿ ಅಳು ಬಂತು. ಅವನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ, ಅಷ್ಟು ಮರುಕವೂ ಬಂದಿರಲಿಲ್ಲ. ಎರಡೂ ಒಟ್ಟಿಗೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸ್ಟೆರಾಯ್ಡ್ ಕೊಟ್ಟು ಉರಿ ತಗ್ಗಿಸಿದರು. ಮುಖ ಬಾತು ದುಂಡಗಾಯಿತು. ನೋಡಲು ಬಂದವರೆಲ್ಲ ಈಗ ಚಲೋ ಮೈ ಹಿಡಿದಿದ್ದಾಳೆ ಅನ್ನುತ್ತಿದ್ದರು. ಓಡಾಡುವಂತಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಲ್ಯಾಬಿನ ಮೇಡಂ ಹತ್ತಿರ ಹೋದದ್ದು. ಒಬ್ಬಳೇ ಹೋಗುವವಳಿದ್ದೆ, ಅಪ್ಪ ಕರೆಯದೇ ಹಿಂದೆ ಬಂದ. ಕೊನೆಗೆ ಅವನ ಗಾಡಿಯ ಮೇಲೇ ಹೋದೆವು.

“ನನ್ನ ರಕ್ತದಲ್ಲಿ ಏನಿತ್ತು ಅಂತ ಈಗಲಾದರೂ ಹೇಳಿ” ಅಂದೆ ಮೇಡಂಗೆ. ಸಿಟ್ಟಿನಲ್ಲಿ ನನ್ನ ಬಾಯಿಯಿಂದಲೂ ಪುಸ್ತಕದ ಕನ್ನಡವೇ ಬಂತು.

ಅವರು ಇಬ್ಬರಿಗೂ ಕುರ್ಚಿ ಎಳೆದು ಕೂರಿಸಿದರು. ಆಮೇಲೆ ಬಿಡಿಸಿ ಹೇಳಿದರು. ಒಬ್ಬರ ರಕ್ತದಲ್ಲಿ ಸಿಗುವ ವೆಸಿಕಲ್‌ಗಳು ತೀರಾ ಸ್ವಲ್ಪ, ಪರೀಕ್ಷೆಗೆ ಸಾಲುವುದಿಲ್ಲ. ಅದಕ್ಕೆ ಆರೋಗ್ಯವಂತರದ್ದನ್ನೆಲ್ಲ ಒಂದು ಕಡೆ ಕೂಡಿಸುತ್ತಾರೆ, ರೋಗಿಗಳದ್ದನ್ನು ಇನ್ನೊಂದು ಕಡೆ. “ನಿಮ್ಮದನ್ನು ಒಂಟಿಯಾಗಿ ಯಾರೂ ನೋಡೇ ಇಲ್ಲಮ್ಮ. ಆರೋಗ್ಯವಂತರ ಜೊತೆ ಸೇರಿಹೋಯಿತು. ಹೆಸರೂ ತೆಗೆದಿರುತ್ತೇವೆ. ಈಗ ಹುಡುಕೋದಕ್ಕೂ ಆಗೋದಿಲ್ಲ. ಒಂಟಿಯಾಗಿ ನೋಡಿದ್ದರೂ ಅದರಿಂದ ರೋಗ ಹೇಳುವಷ್ಟು ನಮಗಿನ್ನೂ ಗೊತ್ತಿಲ್ಲ.”

ಅಂದರೆ ಯಾರೂ ಪಾಸು ಮಾಡಿರಲಿಲ್ಲ, ನಪಾಸೂ ಮಾಡಿರಲಿಲ್ಲ. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸಿದ ಆ ದೊಡ್ಡ ಸಾಕ್ಷಿ, ಯಾರೂ ಕಣ್ಣೆತ್ತಿ ಸಹ ನೋಡದ ಒಂದಿಷ್ಟು ನೀರು. ಅದೂ ಹೋಗಲಿ, ಅವರ ಸಂಶೋಧನೆಯಲ್ಲಿ ನಾನು ಇವತ್ತಿಗೂ ಆರೋಗ್ಯವಂತಳೇ. ಆಗಲೇ ಹೊಟ್ಟೆ ನುಲಿಯುತ್ತಿತ್ತಲ್ಲ, ಉರಿಯ ಸುದ್ದಿ ಹೊತ್ತ ಚೀಲಗಳು ಆ ಕೊಳವೆಯಲ್ಲಿ ಇದ್ದವೋ ಇಲ್ಲವೋ ಯಾರಿಗೆ ಗೊತ್ತು? ಅವಕ್ಕೂ ನನ್ನ ಹಾಗೇ ಹೇಳಿ ಹೇಳಿ ಸಾಕಾಗಿರಬಹುದು. ನನ್ನನ್ನು ಆ ಆರೋಗ್ಯವಂತರ ಗುಂಪಿನಿಂದ ತೆಗೆಯಿರಿ ಅಂತ ಕೂಗಾಡಿದೆ. ತೆಗೆಯಲು ಬರುವುದಿಲ್ಲ ಅಂತ ಗೊತ್ತಿದ್ದೂ ಕೂಗಾಡಿದೆ. ಮೇಡಂ ತಪ್ಪೇನೂ ಇರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಬೈಯಲು ಒಬ್ಬ ಸರಿಯಾದ ತಪ್ಪಿತಸ್ಥನಾದರೂ ಬೇಡವೇ ಮನುಷ್ಯರಿಗೆ?

ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದು ನಿಂತ. ಅಂಗಡಿಯವರ ಮುಂದೆ ನಿಲ್ಲುವ ಹಾಗೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

“ಮೇಡಂ, ತಪ್ಪ ನಮ್ಮ ಕಡಿಂದ ಆಗೇತ್ರಿ. ನಿಮ್ಮ ಒಳ್ಳೆ ಮಾಲಿನಾಗ ನಮ್ಮ ಕೆಟ್ಟ ಮಾಲ್ ಕೂಡೇತಿ. ಚಲೋ ಐತಿ ಅಂತ ಹೇಳಿ ಕೊಟ್ಟಾಂವ ನಾನ.”

ಕೆಟ್ಟ ಮಾಲು! ಮೈಯೆಲ್ಲ ಉರಿಯಿತು. ಆದರೆ ನನಗೆ ಗೊತ್ತಿತ್ತು, ತಾನೇ ಹೋಗಿ ತಾನು ಕೊಟ್ಟ ಸ್ಯಾಂಪಲ್ ಸುಳ್ಳಿತ್ತು ಅನ್ನುವುದು ದಲಾಲಿಗೆ ಎಂಥ ಮಾತು ಅಂತ. ಹಾಗೆ ಅಂದವನ ಕೈಯಿಂದ ಆಮೇಲೆ ಯಾರೂ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ. ಅಪ್ಪ ಆಯುಷ್ಯದಲ್ಲಿ ಆ ಮಾತು ಯಾರ ಮುಂದೆಯೂ ಆಡಿದವನಲ್ಲ.

“ಆಕಿ ಹೇಳಾಕತ್ತಿದ್ಲರೀ ಮೇಡಂ. ದಿನಾ ಹೇಳಾಕತ್ತಿದ್ಲು. ನಾನ...” ಅಂತ ಅಪ್ಪ ಮಾತು ಅರ್ಧಕ್ಕೆ ಬಿಟ್ಟು ಟೊಪ್ಪಿಗೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡ.

ಅದೇ ಗಳಿಗೆಗೆ ನನ್ನ ಹೊಟ್ಟೆ ತಿರುವಿತು. ತಡೆಯಲು ನೋಡಿದೆ. ದೇವರಾಣೆ, ಕುರ್ಚಿಯ ಕೈ ಹಿಡಿದು, ಉಸಿರು ಬಿಗಿದು ನೋಡಿದೆ, ಒಂದೇ ನಿಮಿಷ, ಅವನು ಆ ಮಾತು ಮುಗಿಸುವವರೆಗೆ. ಆಗಲಿಲ್ಲ. ಎದ್ದು ಓಡಿದೆ. ಕಾರಿಡಾರಿನ ಕೊನೆಯ ಪಾಯಖಾನೆಯಲ್ಲಿ ಕೂತು, ಈ ದರಿದ್ರ ಕರುಳಿಗೆ ಬೇರೆ ಹೊತ್ತೇ ಸಿಗಲಿಲ್ಲವೇ ಅಂತ ಬಾಗಿಲು ಗುದ್ದಿ ಅತ್ತೆ.

ವಾಪಸ್ ಬಂದಾಗ ಮಾತು ಮುಗಿದಿತ್ತು. ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪ ನನ್ನ ಬ್ಯಾಗು ಹಿಡಿದು ನೆಲ ನೋಡುತ್ತಾ ನಿಂತಿದ್ದ. ಹೊರಗೆ ಬಂದು ನೀ ಏನಂದಿ ಅಂತ ಅಪ್ಪನನ್ನು ಕೇಳಿದೆ. “ಏನಿಲ್ಲ ಬಿಡ” ಅಂದ, ಗಾಡಿ ಚಾಲೂ ಮಾಡಿದ. ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಬೈದು ಕೇಳಿದ್ದೇನೆ, ರಮಿಸಿ ಕೇಳಿದ್ದೇನೆ. ಅದೇ ಉತ್ತರ. ಮೇಡಂ ಅವರನ್ನೂ ಕೇಳಿದೆ. ಅದನ್ನು ನಿಮ್ಮ ತಂದೆಯ ಹತ್ತಿರವೇ ಕೇಳಿಸಿಕೊಳ್ಳಬೇಕು, ನಾನು ಹೇಳಿದರೆ ಸರಿಯಾಗುವುದಿಲ್ಲ ಅಂದರು. ಅಷ್ಟು ತಿಂಗಳು ರಕ್ತ ಸುರಿಸಿ ನಾನು ಕಾದ ಮಾತು ಅದು. ನನ್ನ ಪಾಲಿನದು. ಅದೂ ಲ್ಯಾಬಿನಲ್ಲೇ ಉಳಿಯಿತು.